ವ್ಯತ್ಯಾಸ ವಾಪಸ್

ಮೂಡಲ ಬಾಗಿಲು ಎಂಬ ಹೆಸರು ಜನರ ಬಾಯಲ್ಲಿ ಸವೆದು ಸವೆದು ಮುಳಬಾಗಿಲು ಆಯಿತೆಂದು ಹೇಳುತ್ತಾರೆ. ಹೆಸರು ಸವೆದರೂ ಬಾಗಿಲು ಮಾತ್ರ ತೆರೆದೇ ಇದೆ. ಬೆಂಗಳೂರಿನಿಂದ ಕೋಲಾರದ ಮೇಲೆ ತಿರುಪತಿಗೆ ಹೊರಟವರು ಈ ಊರಿನ ಮಗ್ಗುಲಲ್ಲೇ ಹಾದುಹೋಗಬೇಕು. ಮುಂದೆ ನಂಗಲಿ, ಅದರಾಚೆ ಆಂಧ್ರ. ದಾರಿಯೂ ಗಡಿಯೂ ಕೂಡಿದ ಇಂಥ ಊರಿನಲ್ಲಿ ಚೌಕಾಸಿ ಒಂದು ವಿದ್ಯೆಯಾಗಿ ಬೆಳೆದದ್ದರಲ್ಲಿ ಆಶ್ಚರ್ಯವಿಲ್ಲ. ಇಲ್ಲಿಯ ವ್ಯಾಪಾರಿ ಕನ್ನಡದಲ್ಲಿ ಬೆಲೆ ಹೇಳಿ ತೆಲುಗಿನಲ್ಲಿ ಇಳಿಸಬಲ್ಲ. ಕೊಳ್ಳುವವರು ತೆಲುಗಿನಲ್ಲಿ ಜಗಳವಾಡಿ ಕನ್ನಡದಲ್ಲಿ ರಾಜಿಯಾಗಬಲ್ಲರು. ‘ಒಂದೇ ಮಾತು ಹೇಳಿ’ ಎನ್ನುವುದು ಇಲ್ಲಿ ಚೌಕಾಸಿಯ ಮುಕ್ತಾಯವಲ್ಲ, ಪ್ರಾರಂಭ.

ಆ ಕಾಲವನ್ನು ನೆನೆದು ಈಗ ನಿಟ್ಟುಸಿರು ಬಿಡುವವರಿದ್ದಾರೆ. ಅಂಗಡಿಯವನಿಗೆ ಗಿರಾಕಿಯ ತಾತನ ಹೆಸರೂ ಗೊತ್ತಿತ್ತು, ಮೋಸ ಮಾಡಲು ಮುಖ ಬರುತ್ತಿರಲಿಲ್ಲ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಅದು ಅಷ್ಟೇನೂ ಚೆಂದದ ಕಾಲವಲ್ಲ. ಮುಖ ನೋಡಿ ಮಣೆ ಹಾಕುವುದು ಆಗಿನ ಪದ್ಧತಿ. ಬಾಯಿದ್ದವಳಿಗೆ ಒಂದು ಬೆಲೆ, ಸಂಕೋಚದವಳಿಗೆ ಇನ್ನೊಂದು. ಸಾಲದ ಖಾತೆ ಇಟ್ಟವರಂತೂ ಬೆಲೆ ಕೇಳುವ ಹಕ್ಕನ್ನೇ ಕಳೆದುಕೊಂಡಿರುತ್ತಿದ್ದರು. ತಿಂಗಳ ಕೊನೆಯಲ್ಲಿ ಅಂಗಡಿಯವನು ಬರೆದದ್ದೇ ಲೆಕ್ಕ. ‘ಫಿಕ್ಸೆಡ್ ರೇಟ್’ ಎಂಬ ತಗಡಿನ ಬೋರ್ಡು ಮೊದಲ ಬಾರಿ ತೂಗಾಡಿದಾಗ ನಾಚಿಕೆಯ ಸ್ವಭಾವದವರಿಗೆ ಅದೆಷ್ಟು ನೆಮ್ಮದಿಯಾಗಿರಬೇಡ! 1990ರಲ್ಲಿ ಪೊಟ್ಟಣ ಸಾಮಗ್ರಿಗಳ ನಿಯಮ ತಿದ್ದುಪಡಿಯಾಗಿ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆಯನ್ನು ಪೊಟ್ಟಣದ ಮೇಲೇ ಅಚ್ಚು ಹಾಕಬೇಕೆಂದಾಯಿತು. ಅದಕ್ಕೆ ಮುಂಚೆ ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂಬ ಸಾಲಿನ ಹಿಂದೆ ಏನು ಬೇಕಾದರೂ ಅವಿತುಕೊಳ್ಳಬಹುದಾಗಿತ್ತು.

ಹೀಗೆ ಸೋಪು, ಟೀ ಪುಡಿ, ಬಿಸ್ಕತ್ತುಗಳ ಚೌಕಾಸಿ ಮುಗಿಯಿತು. ಫ್ರಿಜ್ಜು, ಟೀವಿ, ಬಟ್ಟೆ ಒಗೆಯುವ ಯಂತ್ರಗಳದ್ದು ಮಾತ್ರ ಮುಗಿಯಲಿಲ್ಲ. ಅವುಗಳ ಪೆಟ್ಟಿಗೆಯ ಮೇಲಿನ ಗರಿಷ್ಠ ಬೆಲೆಗೆ ಯಾರೂ ಮಾರುವುದಿಲ್ಲ, ಯಾರೂ ಕೊಳ್ಳುವುದಿಲ್ಲ. ‘ಇಷ್ಟು ಸಾವಿರ ಉಳಿತಾಯ’ ಎಂದು ಕೆಂಪು ಗೆರೆ ಎಳೆದು ತೋರಿಸುವುದಕ್ಕೆ ಮಾತ್ರ ಅದರ ಉಪಯೋಗ. ಮಾರುವ ಬೆಲೆ ಅಂಗಡಿಯಿಂದ ಅಂಗಡಿಗೆ, ವಾರದಿಂದ ವಾರಕ್ಕೆ ಬೇರೆ. ಈ ಅನಿಶ್ಚಯದ ಮೇಲೆ ಇಳಿದುಬಂದ ದೇವವಾಕ್ಯವೇ ‘ಇದಕ್ಕಿಂತ ಕಡಿಮೆ ಬೆಲೆ ಬೇರೆಲ್ಲಾದರೂ ಸಿಕ್ಕರೆ ವ್ಯತ್ಯಾಸ ವಾಪಸ್!’ ದಿನಪತ್ರಿಕೆಯ ಮಡಿಕೆಯಿಂದ ಜಾರಿ ಬೀಳುವ ಬಣ್ಣದ ಕರಪತ್ರದಲ್ಲಿ ಈ ಸಾಲು ಲಾಡುವಿನಷ್ಟು ದಪ್ಪ ಅಕ್ಷರದಲ್ಲಿರುತ್ತದೆ. ಪಕ್ಕದಲ್ಲಿ ಸಾಸಿವೆಯಷ್ಟು ಸಣ್ಣದೊಂದು ನಕ್ಷತ್ರ.

2025ರ ದೀಪಾವಳಿಯ ಹೊತ್ತಿಗೆ ಆ ನಕ್ಷತ್ರದ ಹಿಂದೆ ಬಿದ್ದವರು ಮುಳಬಾಗಿಲಿನ ಒಬ್ಬ ನಿವೃತ್ತ ಮೇಷ್ಟರು. ಗಣಿತ ಕಲಿಸಿದವರು. ಮನೆಯ ಹಳೆಯ ಫ್ರಿಜ್ಜು ತಂಪಿಗಿಂತ ಸದ್ದನ್ನೇ ಹೆಚ್ಚು ಕೊಡಲು ಶುರುಮಾಡಿದ್ದರಿಂದ ಹೊಸದು ಬೇಕಾಗಿತ್ತು. ಊರಿನ ಅಂಗಡಿಯಲ್ಲಿ ಕೇಳಿದರು. ಅಲ್ಲಿಯ ಯಜಮಾನ ಬೆಲೆ ಹೇಳಿ, ‘ಇನ್ನೂರು ಬೇಕಾದ್ರೆ ಬಿಡ್ತೀನಿ ಮೇಷ್ಟ್ರೇ, ಅದಕ್ಕಿಂತ ನನ್ನ ಕೈಲಾಗಲ್ಲ’ ಎಂದ. ಮೇಷ್ಟರು ಕರಪತ್ರ ಹಿಡಿದು ಹೆದ್ದಾರಿಯ ಮೇಲಿನ ಇನ್ನೊಂದು ಊರಿನ ದೊಡ್ಡ ಮಳಿಗೆಗೆ ಹೋದರು. ಅಂಗಡಿಯ ಹೆಸರು, ಊರಿನ ಹೆಸರು ಎರಡೂ ಇಲ್ಲಿ ಬೇಡ. ಬೆಲೆ 17,490. ಊರಿನ ಅಂಗಡಿಯವನು ಹೇಳಿದ್ದಕ್ಕೂ ಇದಕ್ಕೂ ಅಂಥ ಅಂತರವೇನಿರಲಿಲ್ಲ. ಆದರೆ ಇಲ್ಲಿ ಭರವಸೆಯಿತ್ತು. ಕಡಿಮೆ ಸಿಕ್ಕರೆ ವ್ಯತ್ಯಾಸ ಕೊಡುತ್ತಾರಲ್ಲ, ಇನ್ನು ಹುಡುಕಿ ಅಲೆಯುವುದೇಕೆ ಎಂದು ಮೇಷ್ಟರು ಅಲ್ಲೇ ಕೊಂಡರು. ಈ ‘ಅಲೆಯುವುದೇಕೆ’ ಎಂಬ ಮಾತನ್ನು ಓದುಗರು ಸ್ವಲ್ಪ ಗಮನದಲ್ಲಿಟ್ಟುಕೊಳ್ಳಬೇಕು. ಇಡೀ ವ್ಯಾಪಾರ ನಿಂತಿರುವುದು ಅದರ ಮೇಲೇ.

ಮೇಷ್ಟರು ಅಲೆಯಲಿಲ್ಲ, ಅವರ ಪತ್ನಿ ಅಲೆದರು. ಮಗಳ ಮನೆಗೆಂದು ಬೆಂಗಳೂರಿಗೆ ಹೋದಾಕೆ ಅಲ್ಲಿಯ ಒಂದು ಅಂಗಡಿಯಲ್ಲಿ ಅದೇ ಕಂಪೆನಿಯ, ಅದೇ ಬಣ್ಣದ, ಅಷ್ಟೇ ಲೀಟರಿನ ಫ್ರಿಜ್ಜಿಗೆ 15,990 ಚೀಟಿ ಅಂಟಿಸಿದ್ದನ್ನು ಕಂಡು ಫೋನು ಮಾಡಿದರು. ಸಾವಿರದ ಐನೂರು ರೂಪಾಯಿ! ಮೇಷ್ಟರು ಬಿಲ್ಲು ಹಿಡಿದು ಮಳಿಗೆಗೆ ಹೋದರು. ಕೌಂಟರಿನ ಹುಡುಗ ಬಹಳ ವಿನಯವಂತ. ‘ಖಂಡಿತ ಸಾರ್, ಆ ಅಂಗಡಿಯ ಪ್ರಿಂಟಾದ ಕೊಟೇಷನ್ ತನ್ನಿ’ ಎಂದ. ಆಕೆ ಮತ್ತೆ ಆ ಅಂಗಡಿಗೆ ಹೋಗಿ ಕೊಟೇಷನ್ ಕೇಳಿದರೆ ಅವರು ನಕ್ಕರು. ಬೇರೆ ಅಂಗಡಿಯವನಿಂದ ದುಡ್ಡು ವಾಪಸ್ ಕೀಳುವುದಕ್ಕೆ ಇವರೇಕೆ ಕಾಗದ ಖರ್ಚು ಮಾಡಬೇಕು? ಬೆಲೆಯ ಚೀಟಿಯ ಫೋಟೋ ತೆಗೆದುಕೊಂಡು ಬಂದರು. ಅಷ್ಟರಲ್ಲಿ ಹುಡುಗ ಇನ್ನೊಂದು ಷರತ್ತು ತೋರಿಸಿದ. ಕಡಿಮೆ ಬೆಲೆ ಸಿಗಬೇಕಾದದ್ದು ‘ಬೇರೆಲ್ಲಾದರೂ’ ಅಲ್ಲ, ಅದೇ ಊರಿನಲ್ಲಿ. ಬೆಂಗಳೂರು ನಡೆಯುವುದಿಲ್ಲ, ಇಂಟರ್‌ನೆಟ್ಟಿನ ಬೆಲೆಯೂ ನಡೆಯುವುದಿಲ್ಲ.

ಸರಿ, ಅದೇ ಊರಿನಲ್ಲಿ ಹುಡುಕಿದರು. ಅವಧಿ ಏಳು ದಿನ, ಐದು ಆಗಲೇ ಕಳೆದಿತ್ತು. ಹೆಂಗಸರಿಗೆ ಸಾರಿಗೆ ಬಸ್ಸಿನಲ್ಲಿ ದುಡ್ಡು ಕೊಡದೆ ಓಡಾಡುವ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಾರದೇ ಹೋಗಿದ್ದರೆ ಹುಡುಕಾಟದ ಬಸ್ ಚಾರ್ಜೇ ವ್ಯತ್ಯಾಸದ ಒಂದು ಭಾಗವನ್ನು ನುಂಗಿಹಾಕುತ್ತಿತ್ತು. ಆರನೆಯ ದಿನ 16,600ಕ್ಕೆ ಕೊಡುವ ಒಂದು ಅಂಗಡಿ ಸಿಕ್ಕಿತು. ಅವನು ಕೊಟೇಷನ್ನೂ ಬರೆದುಕೊಟ್ಟ, ಪುಣ್ಯಾತ್ಮ. ಏಳನೆಯ ದಿನ ಗಂಡ ಹೆಂಡತಿ ಇಬ್ಬರೂ ಹೋದರು. ಹುಡುಗ ಕೊಟೇಷನ್ನನ್ನೂ ಬಿಲ್ಲನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿ, ‘ಮಾಡೆಲ್ ಬೇರೆ ಸಾರ್’ ಎಂದ. ಹದಿನಾಲ್ಕು ಅಕ್ಷರ–ಅಂಕಿಗಳಲ್ಲಿ ಹದಿಮೂರು ಒಂದೇ. ಕೊನೆಯದು ಇಲ್ಲಿ ‘ಆರ್’, ಅಲ್ಲಿ ‘ಎಸ್’. ವ್ಯತ್ಯಾಸವೇನು ಎಂದು ಮೇಷ್ಟರು ಕೇಳಿದರು. ‘ಅದೇ ಸಾರ್, ಆರ್ ಮತ್ತು ಎಸ್’ ಎಂದ ಹುಡುಗ.

ಆ ಹುಡುಗನ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ದೊಡ್ಡ ಸರಪಳಿ ಅಂಗಡಿಗಳಿಗೆಂದು, ಆನ್‌ಲೈನ್ ಮಾರಾಟಕ್ಕೆಂದು ಒಂದೇ ಯಂತ್ರಕ್ಕೆ ಬೇರೆ ಬೇರೆ ಮಾಡೆಲ್ ಸಂಖ್ಯೆ ಕೊಡುವುದು ತಯಾರಕರ ಬಹುಕಾಲದ ರೂಢಿ, ಲೋಕದ ಎಲ್ಲ ಕಡೆಯೂ ಉಂಟು. ಎರಡು ಫ್ರಿಜ್ಜುಗಳ ಸಂಖ್ಯೆ ಕೂಡದಿದ್ದರೆ ಬೆಲೆ ಹೋಲಿಸುವ ಪ್ರಶ್ನೆಯೇ ಏಳುವುದಿಲ್ಲ. ಹೋಲಿಸಲಾಗದ ವಸ್ತುವಿಗೆ ‘ಹೋಲಿಸಿ ನೋಡಿ, ವ್ಯತ್ಯಾಸ ಕೊಡುತ್ತೇವೆ’ ಎಂದು ಎಷ್ಟು ದಪ್ಪ ಅಕ್ಷರದಲ್ಲಿ ಬೇಕಾದರೂ ಬರೆಯಬಹುದು.

ಕೊನೆಗೆ ಒಳಗಿನಿಂದ ಮ್ಯಾನೇಜರು ಬಂದು, ಹಿರಿಯರೆಂಬ ಗೌರವದಿಂದ ಐನೂರು ರೂಪಾಯಿಯ ಕೂಪನ್ ಕೊಟ್ಟರು. ಮೂರು ಸಾವಿರಕ್ಕೆ ಮೇಲ್ಪಟ್ಟು ಕೊಂಡರೆ, ಒಂದು ತಿಂಗಳೊಳಗೆ, ಅದೇ ಮಳಿಗೆಯಲ್ಲಿ.

ಮನೆಗೆ ಬಂದ ಮೇಲೆ ಮೇಷ್ಟರು ಭೂತಗನ್ನಡಿ ಹಿಡಿದು ಕರಪತ್ರದ ಕೆಳಗಿನ ಅಂಚನ್ನು ಓದಿದರು. ಹುಡುಗ ಹೇಳಿದ್ದೆಲ್ಲ ಅಲ್ಲಿತ್ತು, ಒಂದನ್ನೂ ಅವನು ಕೈಯಿಂದ ಸೇರಿಸಿರಲಿಲ್ಲ. ಆದರೆ ಭರವಸೆ ಇದ್ದದ್ದು ಕನ್ನಡದಲ್ಲಿ, ಷರತ್ತು ಇದ್ದದ್ದು ಇಂಗ್ಲಿಷಿನಲ್ಲಿ. ಮೇಷ್ಟರ ಪತ್ನಿ ಅದನ್ನು ನೋಡಿ, ‘ಕೊಡೋ ಮಾತು ಒಂದು ಭಾಷೇಲಿ, ತಪ್ಪಿಸ್ಕೊಳ್ಳೋ ಮಾತು ಇನ್ನೊಂದು ಭಾಷೇಲಿ’ ಎಂದರು. ಎರಡು ಭಾಷೆಯಲ್ಲಿ ಚೌಕಾಸಿ ಮಾಡಿ ಬೆಳೆದ ಊರಿನವರಿಗೆ ಈ ಯುಕ್ತಿ ಹೊಳೆಯದೆ ಇದ್ದೀತೇ!

ಹಾಗಾದರೆ ಅಂಗಡಿಯವರು ಈ ಮಾತನ್ನು ಕೊಡುವುದಾದರೂ ಏಕೆ? ಗಿರಾಕಿಗೆ ಕೇಳಲಿ ಎಂದು ಎಂದುಕೊಳ್ಳುವುದು ಸಹಜ. ಅರ್ಧ ಅದು ನಿಜ. ಇನ್ನರ್ಧ ಕೇಳಬೇಕಾದವನು ಎದುರು ಅಂಗಡಿಯವನು. ಒಂದೇ ಬೀದಿಯಲ್ಲಿ ಎರಡು ಹೋಟೆಲುಗಳಿವೆ ಎಂದಿಟ್ಟುಕೊಳ್ಳಿ. ಎರಡರಲ್ಲೂ ಮುಳಬಾಗಿಲು ದೋಸೆಗೆ ಅರವತ್ತು ರೂಪಾಯಿ. ಒಬ್ಬನು ‘ಎದುರಿನವನು ಎಷ್ಟಕ್ಕೆ ಇಳಿಸಿದರೂ ನಾನೂ ಅಷ್ಟಕ್ಕೇ ಕೊಡುತ್ತೇನೆ’ ಎಂದು ಬೋರ್ಡು ಹಾಕುತ್ತಾನೆ. ಎದುರಿನವನು ಐವತ್ತಕ್ಕೆ ಇಳಿಸಿ ಗಿರಾಕಿಗಳನ್ನು ಸೆಳೆಯಬೇಕೆಂದಿದ್ದರೆ ಈಗ ಎರಡು ಸಲ ಯೋಚಿಸುತ್ತಾನೆ. ಇಳಿಸಿದರೆ ಗಿರಾಕಿ ಬರುವುದಿಲ್ಲ, ಹತ್ತು ರೂಪಾಯಿ ಹೋಗುವುದು ಮಾತ್ರ ಖಂಡಿತ. ಸುಮ್ಮನಿರುತ್ತಾನೆ. ಬೋರ್ಡು ಹಾಕಿದವನು ಒಂದು ಪೈಸೆ ವಾಪಸ್ ಕೊಡದೆ ಅರವತ್ತನ್ನು ಅರವತ್ತಾಗಿಯೇ ಉಳಿಸಿಕೊಂಡ. ಇಬ್ಬರೂ ಗುಟ್ಟಾಗಿ ಕೂತು ಮಾತಾಡಿದ್ದರೆ ಕಾನೂನು ಹಿಡಿಯುತ್ತಿತ್ತು. ಇದು ಬೀದಿಯಲ್ಲಿ ಗಿರಾಕಿಯ ಮುಂದೆಯೇ, ಗಿರಾಕಿಯ ಹೆಸರಿನಲ್ಲೇ ಆಡಿದ ಮಾತು. 1986ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಟೀವನ್ ಸ್ಯಾಲಪ್ ಈ ತರ್ಕವನ್ನು ಬಿಡಿಸಿಟ್ಟರು. ಐದು ವರ್ಷಗಳ ನಂತರ ಹೆಸ್ ಮತ್ತು ಗರ್ಸ್ಟ್‌ನರ್ ಎಂಬಿಬ್ಬರು ಉತ್ತರ ಕೆರೊಲಿನಾದ ಕಿರಾಣಿ ಮಳಿಗೆಗಳ ಬೆಲೆಗಳನ್ನು ನೋಡಿದಾಗ, ಇಂಥ ಭರವಸೆಯ ನಂತರ ಬೆಲೆಗಳು ಒಂದಕ್ಕೊಂದು ಹತ್ತಿರವಾಗಿದ್ದವು, ಕೊಂಚ ಮೇಲಕ್ಕೂ ಸರಿದಿದ್ದವು.

ಇನ್ನೊಂದು ಲೆಕ್ಕವೂ ಇದೆ, ಅದು ಮುಳಬಾಗಿಲಿಗೆ ಇನ್ನೂ ಹತ್ತಿರದ್ದು. ನೂರು ಜನ ಕೊಂಡರೆ ಬೆಲೆ ಹೋಲಿಸುವವರು ಕೆಲವರು, ಹೋಲಿಸಿ ಪತ್ರ ಹಿಡಿದು ವಾಪಸ್ ಬರುವವರು ಅವರಲ್ಲೂ ಕೆಲವರು. ಕೇಳಿದವರಿಗೆ ಒಂದು ಬೆಲೆ, ಕೇಳದವರಿಗೆ ಇನ್ನೊಂದು. ಹಳೆಯ ಅಂಗಡಿಯಲ್ಲಿ ನಾಚಿಕೆಯವಳು ಹೆಚ್ಚು ಕೊಟ್ಟು ಹೋಗುತ್ತಿದ್ದಳಲ್ಲ, ಅದೇ. ಫಿಕ್ಸೆಡ್ ರೇಟಿನ ಬೋರ್ಡು ಓಡಿಸಿದ ಚೌಕಾಸಿ ಕರಪತ್ರದ ಹಿಂಬಾಗಿಲಿನಿಂದ ಒಳಗೆ ಬಂದಿದೆ. ಒಂದೇ ಬದಲಾವಣೆ ಎಂದರೆ ಮೊದಲು ಬಾಯಿ ಸಾಕಾಗಿತ್ತು, ಈಗ ದಾಖಲೆ ಬೇಕು.

ಎಲ್ಲವೂ ಬೂಟಾಟಿಕೆ ಎಂದು ಹೇಳಿದರೆ ಅನ್ಯಾಯವಾದೀತು. ಲಂಡನ್ನಿನ ಜಾನ್ ಲೂಯಿಸ್ ಕಂಪೆನಿ, ಗೊತ್ತಿದ್ದೂ ಬೇರೆಯವರಿಗಿಂತ ಹೆಚ್ಚಿಗೆ ಮಾರುವುದಿಲ್ಲವೆಂಬ ಮಾತನ್ನು 1925ರಿಂದ ಹೆಚ್ಚುಕಡಿಮೆ ಒಂದು ಶತಮಾನ ನಡೆಸಿಕೊಂಡು ಬಂತು. ‘ಗೊತ್ತಿದ್ದೂ’ ಎಂಬ ಪದದಲ್ಲಿ ಸ್ವಲ್ಪ ಜಾಣತನವಿದೆ, ಇರಲಿ. ಇಂಟರ್‌ನೆಟ್ಟಿನಲ್ಲಿ ಮಾತ್ರ ಮಾರುವವರ ಬೆಲೆ ಅದರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಜನ ಕೊಳ್ಳುವುದೇ ಅಲ್ಲಿ ಎಂದಾದ ಮೇಲೆ ಮಾತು ಸವಕಲಾಗಿ 2022ರಲ್ಲಿ ಕೈಬಿಟ್ಟಿತು. 2024ರ ಸೆಪ್ಟೆಂಬರಿನಲ್ಲಿ ಮತ್ತೆ ತಂದಿತು. ಈ ಸಲ ಇಂಟರ್‌ನೆಟ್ಟಿನವರೂ ಸೇರಿ 25 ಮಾರಾಟಗಾರರ ಬೆಲೆಗೆ ಸರಿಗಟ್ಟುವುದಾಗಿ ಹೇಳಿ, ಆ ಬೆಲೆಗಳನ್ನು ನೋಡುವ ಕೆಲಸಕ್ಕೆ ಕಂಪ್ಯೂಟರನ್ನು ಹಚ್ಚಿತು. ಇಲ್ಲಿ ಗಮನಿಸಬೇಕಾದದ್ದು ಹುಡುಕುವ ಕೂಲಿ ಯಾರದು ಎಂಬುದು. ಅಂಗಡಿಯೇ ಹುಡುಕಿ ತಾನೇ ಬೆಲೆ ಇಳಿಸುವುದಾದರೆ ಮಾತಿಗೆ ತೂಕವಿದೆ. ಏಳು ದಿನದಲ್ಲಿ, ಅದೇ ಊರಿನಲ್ಲಿ, ಕೊನೆಯ ಅಕ್ಷರದವರೆಗೆ ತಾಳೆಯಾಗುವಂತೆ ಗಿರಾಕಿಯೇ ಹುಡುಕಿ ತರಬೇಕೆಂದರೆ, ಮೇಷ್ಟರ ಪತ್ನಿಯಂಥವರನ್ನು ಎದುರಾಳಿಯ ಬೆಲೆ ತಿಳಿಯುವ ಸಂಬಳವಿಲ್ಲದ ಗೂಢಚಾರರನ್ನಾಗಿ ಮಾಡಿಕೊಂಡಂತೆ.

‘ಅದೇ ಊರಿನಲ್ಲಿ’ ಎಂಬ ಷರತ್ತಂತೂ ಸಣ್ಣ ಊರುಗಳಿಗೆ ಹೇಳಿ ಮಾಡಿಸಿದ್ದು. ಬೆಂಗಳೂರಿನ ಒಂದು ರಸ್ತೆಯಲ್ಲಿ ಹತ್ತು ಅಂಗಡಿಗಳಿದ್ದಾವು, ಅಲ್ಲಿ ಆ ಮಾತಿಗೆ ಏನಾದರೂ ಅರ್ಥವುಂಟು. ಒಂದೇ ಒಂದು ದೊಡ್ಡ ಮಳಿಗೆ ಇರುವ ತಾಲ್ಲೂಕು ಕೇಂದ್ರದಲ್ಲಿ ಅದು ತನ್ನ ನೆರಳಿನ ಜತೆ ಓಟಕ್ಕೆ ನಿಂತು ಗೆಲ್ಲುವ ಪಂಥ. ಮುಳಬಾಗಿಲಿನವರಿಗೆ ಹತ್ತಿರದ ಸ್ಪರ್ಧೆ ಗಡಿಯಾಚೆ ಪಲಮನೇರಿನಲ್ಲಿರಬಹುದು. 2017ರ ಜುಲೈ 1ರಂದು ಜಿ.ಎಸ್.ಟಿ. ಬರುವವರೆಗೆ ಅಲ್ಲಿಯ ತೆರಿಗೆ ಬೇರೆ, ಇಲ್ಲಿಯದು ಬೇರೆ ಎಂಬ ನೆಪವಿತ್ತು. ಪೆಟ್ರೋಲಿಗೆ ಅದು ಈಗಲೂ ಇದೆ. ಆಂಧ್ರದಲ್ಲಿ ಅದು ದುಬಾರಿ, ಆದ್ದರಿಂದ ಅಲ್ಲಿಯ ಗಾಡಿಗಳು ಗಡಿಯ ಈಚೆ ಟ್ಯಾಂಕು ತುಂಬಿಸಿಕೊಳ್ಳುತ್ತವೆ. ಫ್ರಿಜ್ಜಿಗೆ ಎರಡೂ ಕಡೆ ಒಂದೇ ತೆರಿಗೆ. ಆದರೂ ಬೆಲೆ ಬೇರೆಯಿದ್ದರೆ ಆ ವ್ಯತ್ಯಾಸ ಅಂಗಡಿಯದೇ ಹೊರತು ಸರ್ಕಾರದ್ದಲ್ಲ.

ಕಾನೂನು ಸುಮ್ಮನೆ ಕೂತಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಜಾಹೀರಾತಿನ ಷರತ್ತು ಯಾವ ಭಾಷೆಯಲ್ಲಿ ಭರವಸೆ ಇದೆಯೋ ಅದೇ ಭಾಷೆಯಲ್ಲಿರಬೇಕು, ಅದೇ ಅಕ್ಷರ ವಿನ್ಯಾಸದಲ್ಲಿರಬೇಕು ಎಂದಿದೆ. ದೊಡ್ಡದಾಗಿ ಹೇಳಿದ್ದನ್ನು ಸಣ್ಣದಾಗಿ ಅಲ್ಲಗಳೆಯುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎಂದರೆ ಮುಳಬಾಗಿಲಿನವರಿಗೆ ಕೋಲಾರದ ಜಿಲ್ಲಾ ಆಯೋಗ ಸಾಕು, ವಕೀಲರನ್ನು ಇಡಲೇಬೇಕೆಂದಿಲ್ಲ, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. 1915ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಹೇಳಿಕೊಳ್ಳಬಹುದು. ಇದೆಲ್ಲ ಇದ್ದೂ, ಎಂಟುನೂರ ತೊಂಬತ್ತು ರೂಪಾಯಿಗಾಗಿ ಆಯೋಗದ ಮೆಟ್ಟಿಲು ಹತ್ತುವವರು ಎಷ್ಟು ಮಂದಿ ಎಂಬುದನ್ನು ಕರಪತ್ರ ಬರೆದವರು ಮೊದಲೇ ಅಂದಾಜು ಮಾಡಿರುತ್ತಾರೆ.

ಈ ಕತೆಯನ್ನೆಲ್ಲ ಮೇಷ್ಟರು ಫೋನಿನಲ್ಲಿ ಶ್ರೀನಿವಾಸಪುರದ ಕಡೆ ಮಾವಿನ ತೋಟವಿರುವ ಭಾವಮೈದುನನಿಗೆ ಹೇಳಿದಾಗ ಅವನು ನಕ್ಕುಬಿಟ್ಟ. ‘ಭಾವ, ವ್ಯತ್ಯಾಸ ಕೊಡ್ತೀವಿ ಅನ್ನೋ ಮಾತು ನಾವು ಆಗಲೇ ನೋಡಿದ್ವಲ್ಲ’ ಎಂದ. ಅವನು ಹೇಳಿದ್ದು ತೋತಾಪುರಿಯ ವಿಷಯ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಒಳಗೆ ಬರದಂತೆ ತಡೆಯಿತು. ಅಲ್ಲಿಯ ತಿರುಳಿನ ಕಾರ್ಖಾನೆಗಳನ್ನೇ ನಂಬಿದ್ದ ಈ ಭಾಗದ ಬೆಳೆಗಾರರ ಹಣ್ಣು ಕಿಲೋಗೆ ಐದು ರೂಪಾಯಿಗಿಂತಲೂ ಕೆಳಗೆ ಬಿತ್ತು. ಶ್ರೀನಿವಾಸಪುರದಲ್ಲಿ ಬಂದ್ ನಡೆಯಿತು, ಮುಖ್ಯಮಂತ್ರಿಗಳು ಆಂಧ್ರಕ್ಕೆ ಪತ್ರ ಬರೆದರು. ಆಮೇಲೆ ಕೇಂದ್ರವು ಕ್ವಿಂಟಾಲಿಗೆ 1,616 ರೂಪಾಯಿಯ ಬೆಲೆ ನಿಗದಿ ಮಾಡಿ, 2.5 ಲಕ್ಷ ಟನ್ನಿನವರೆಗೆ ಬೆಲೆ ವ್ಯತ್ಯಾಸ ಪಾವತಿಗೆ ಒಪ್ಪಿತು, ಕೇಂದ್ರ ರಾಜ್ಯ ಸರಿಪಾಲು. ಕಿಲೋಗೆ ಹದಿನಾರು ಎಂದಮೇಲೆ, ನಾಲ್ಕಕ್ಕೋ ಐದಕ್ಕೋ ಮಾರಿದವನಿಗೆ ಹನ್ನೊಂದು ಹನ್ನೆರಡು ಬರಬೇಕೆಂದು ಗಣಿತದ ಮೇಷ್ಟರು ಲೆಕ್ಕ ಹಾಕಿದರು. ಬೆಳೆಗಾರನಿಗೆಂದು ಗೊತ್ತಾದದ್ದು ಸುಮಾರು ನಾಲ್ಕು ರೂಪಾಯಿ, ಅದೂ ನೋಂದಾಯಿಸಿಕೊಂಡವನಿಗೆ. ಇಲ್ಲಿಯೂ ಒಂದು ನಕ್ಷತ್ರವಿತ್ತು.

ಆದರೂ ಆ ನಾಲ್ಕನ್ನು ಭಾವಮೈದುನ ಹಗುರವಾಗಿ ಆಡಲಿಲ್ಲ. ಟೊಮೆಟೊಗೆ ಅಷ್ಟೂ ಇಲ್ಲವಲ್ಲ ಎಂದ. ಮುಳಬಾಗಿಲು ತಾಲ್ಲೂಕಿನ ಎನ್. ವಡ್ಡಹಳ್ಳಿ ಮಾರುಕಟ್ಟೆಯಲ್ಲಿ ಬೆಳಗ್ಗೆ ಹರಾಜಾದ ಹದಿನೈದು ಕಿಲೋ ಬಾಕ್ಸಿಗೂ ಅರ್ಧ ಗಂಟೆಯ ನಂತರ ಪಕ್ಕದ ರಾಶಿಯ ಬಾಕ್ಸಿಗೂ ನೂರು ರೂಪಾಯಿ ಅಂತರ ಬಿದ್ದರೂ ಬೀಳಬಹುದು. ಕೋಲಾರದಲ್ಲಿ 2023ರ ಜುಲೈನಲ್ಲಿ ಬಾಕ್ಸು ಎರಡು ಸಾವಿರ ದಾಟಿತ್ತು, ಸೆಪ್ಟೆಂಬರಿಗೆ ಕುಸಿದಿತ್ತು. ಮೊದಲು ಮಾರಿದವನು ಹಿಂದಿರುಗಿ ಬಂದು ‘ಅವನಿಗೆ ಹೆಚ್ಚು ಸಿಕ್ಕಿದೆ, ವ್ಯತ್ಯಾಸ ಕೊಡಿ’ ಎಂದು ಮಂಡಿಯವನನ್ನು ಕೇಳಿದರೆ ಟೀ ತರಿಸಿ ಕಳಿಸುತ್ತಾರೆ. ಕೊಳ್ಳುವಾಗ ಕೈತುಂಬ ಭರವಸೆ, ಮಾರುವಾಗ ಒಂದೂ ಇಲ್ಲ. ಮನುಷ್ಯ ಅವನೇ, ಊರೂ ಅದೇ.

ಮೇಷ್ಟರು ಮಳಿಗೆಗೆ ಒಂದು ಪತ್ರ ಬರೆದರು, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರು. ಜಗಳದ ಪತ್ರವಲ್ಲ, ಎರಡೇ ಪ್ರಶ್ನೆ. ಷರತ್ತುಗಳನ್ನು ಕನ್ನಡದಲ್ಲಿ ಏಕೆ ಅಚ್ಚು ಹಾಕಿಲ್ಲ? ಕಳೆದ ಒಂದು ವರ್ಷದಲ್ಲಿ ಎಷ್ಟು ಜನರಿಗೆ ವ್ಯತ್ಯಾಸವನ್ನು ನಗದಾಗಿ ವಾಪಸ್ ಕೊಟ್ಟಿದ್ದೀರಿ? ಎರಡನೆಯ ಪ್ರಶ್ನೆಯನ್ನು ಕೊಳ್ಳುವ ಮುಂಚೆ ಕೌಂಟರಿನಲ್ಲೇ ಕೇಳಿದರೆ ಒಳ್ಳೆಯದು. ಕೊಡುವ ಅಂಗಡಿಯವರು ಒಂದೆರಡಾದರೂ ಉದಾಹರಣೆ ಹೇಳುತ್ತಾರೆ, ಕೊಡದವರು ಮ್ಯಾನೇಜರನ್ನು ಕರೆಯುತ್ತಾರೆ. ಪತ್ರಕ್ಕೆ ಉತ್ತರ ಬರಲಿಲ್ಲ. ಹತ್ತು ದಿನದ ಮೇಲೆ ಒಂದು ಫೋನು ಬಂತು. ಮಳಿಗೆಯ ಸೇವೆಗೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಒಬ್ಬ ಹುಡುಗಿ ಕೇಳಿದಳು. ಮೇಷ್ಟರು ನಾಲ್ಕು ಎಂದರು. ಅಂಕ ಕೊಟ್ಟು ಜೀವನ ಕಳೆದವರು, ಸೊನ್ನೆ ಕೊಡಲು ಮನಸ್ಸು ಬರಲಿಲ್ಲವಂತೆ. ಫ್ರಿಜ್ಜು ಚೆನ್ನಾಗಿಯೇ ಓಡುತ್ತಿದೆ.

ಕೂಪನ್ನಿನ ಅವಧಿ ನವೆಂಬರ್ ಕೊನೆಗೆ ಮುಗಿಯಿತು. ಮೂರು ಸಾವಿರಕ್ಕೆ ಕೊಳ್ಳುವಂಥದ್ದು ಮನೆಗೆ ಏನೂ ಬೇಕಾಗಿರಲಿಲ್ಲ.